ದಿಬ್ಬದ ಮೇಲಿನ ರೋವನ್ ಮರ

ನಮ್ಮ ಯಾರ್ಕ್‌ಷೈರ್ ಕಣಿವೆಯಲ್ಲಿ ವಿಲ್ಫ್ ಥ್ಯಾಕ್ರೆಯ ಕುರಿಗಳು ಮೇಯುವ ಹುಲ್ಲುಗಾವಲಿನ ನಡುವೆ ಬಳೆಯಂತೆ ದುಂಡಗಿನ ಮಣ್ಣಿನ ದಿಬ್ಬವಿದೆ. ಲೋಹವನ್ನೇ ಕಾಣದ ಕಾಲದ ಜನ ಜಿಂಕೆಯ ಕೊಂಬಿನಿಂದ ಅಗೆದು, ತಮ್ಮ ಪೂಜೆ-ಹಬ್ಬಗಳಿಗೆಂದು ಕಟ್ಟಿಕೊಂಡದ್ದು. ಅದರ ನೆತ್ತಿಯ ಮೇಲೆ ವಿಲ್ಫ್‌ನ ಹೆಂಡತಿ ಎನಿಡ್ ಎಷ್ಟೋ ವರ್ಷಗಳ ಹಿಂದೆ, ಗೊಂಚಲು ಗೊಂಚಲಾಗಿ ಕೆಂಪು ಹಣ್ಣು ಬಿಡುವ ರೋವನ್ ಮರದ ಸಸಿಯೊಂದನ್ನು ನೆಟ್ಟಿದ್ದಳು. ಹುಟ್ಟಿದ ವಾರದಲ್ಲೇ ತೀರಿಕೊಂಡ ಮಗಳು ಹೆಟ್ಟಿಯ ನೆನಪಿಗೆ. ಆಗಿನ್ನೂ ಆ ಜಾಗಕ್ಕೆ ಕಾನೂನಿನ ಕಾವಲಿರಲಿಲ್ಲ.

ಕಳೆದ ವರ್ಷ ಪುರಾತತ್ವದವರ ಕಡೆಯಿಂದ ಇಮೋಜೆನ್ ಎಂಬ ಹುಡುಗಿ ಬಂದಳು. ವಿಲ್ಫ್‌ನ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಳು, ಮತ್ತೆ ಕುಡಿದಳು. ಮಾತು ಮಾತ್ರ ಹೊರಡಲೊಲ್ಲದು.

"ಏನಮ್ಮ, ಕೆಟಲೇ ಬರಿದಾಯ್ತು. ಕೆಟ್ಟ ಸುದ್ದಿ ಇದ್ರೆ ಹೇಳಿಬಿಡು," ಎಂದ ವಿಲ್ಫ್.

"ಆ ಮರ... ಬೇರು ದಿಬ್ಬಾನ ಸೀಳ್ತಾ ಇದೆ. ಗಾಳಿಗೆ ಬಿದ್ರೆ ಅರ್ಧ ದಿಬ್ಬ ಕಿತ್ಕೊಂಡು ಬರುತ್ತೆ. ಕಡೀಬೇಕಾಗುತ್ತೆ."

"ನನ್ನ ಹೆಣ ಬಿದ್ಮೇಲೆ ಕಡ್ಕೊಳ್ಳಿ!" ವಿಲ್ಫ್ ಎದ್ದು ಹೊರಟೇಹೋದ. ಎನಿಡ್ ಚಹಾದ ಕಪ್ಪುಗಳನ್ನು ಎತ್ತಿಟ್ಟಳು.

ಅಕ್ಟೋಬರಿನ ಬಿರುಗಾಳಿಗೆ ಅವರ ಪಕ್ಕದ ನನ್ನ ಹೊಲದ ದೊಡ್ಡ ಮರವೊಂದು ಬುಡಸಮೇತ ಉರುಳಿತು. ನೋಡಲು ಬಂದ ಎನಿಡ್ ಬೇರು ಕಿತ್ತುಬಂದ ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದಳು. ಕುರಿಯೊಂದು ನಿಂತರೂ ಕಾಣದಷ್ಟು ಆಳವಿತ್ತು ಅದು. ಆಮೇಲೆ ಗಂಡನಿಗೆ ಹೇಳಿದಳು:

"ನಮ್ ಮಗೂಗೋಸ್ಕರ ಯಾರದೋ ಗುಡಿ ಕೆಡವೋದು ಬೇಡ ಕಣೋ."

"ಅವ್ರೆಲ್ಲ ಸತ್ತು ಯಾವ ಕಾಲ ಆಯ್ತು!"

"ನಮ್ಮವಳೂ ಸತ್ತಿದಾಳಲ್ಲ, ವಿಲ್ಫ್."

ಮರುದಿನ ವಿಲ್ಫ್ ಇಮೋಜೆನ್‌ಗೆ ತಾನೇ ಫೋನ್ ಮಾಡಿ, "ಕಡಿಯೋನು ನಾನು. ಬೇರೆ ಯಾರೂ ಮುಟ್ಟಂಗಿಲ್ಲ," ಎಂದ. ಅವಳು ಒಪ್ಪಿದಳು, ಬೇರು ಕೀಳಬಾರದು, ಮಣ್ಣಲ್ಲೇ ಕೊಳೆಯಲಿ ಎಂದಷ್ಟೇ ಹೇಳಿದಳು. ಗರಗಸದ ಇನ್ನೊಂದು ತುದಿ ನಾನು ಹಿಡಿದೆ. ಮರ ಒರಗಿದಾಗ ವಿಲ್ಫ್ ಟೋಪಿ ತೆಗೆದ.

ಅಷ್ಟು ವರ್ಷ ಅವನು ಆ ಮರದ ಹತ್ತಿರ ಸುಳಿದವನೇ ಅಲ್ಲವಂತೆ. ಎನಿಡ್ ಒಬ್ಬಳೇ ಹೋಗಿಬರುತ್ತಿದ್ದಳಂತೆ. ಈಗ ಸಂಜೆ ಕುರಿಗಳನ್ನು ನೋಡಿಕೊಂಡು ಇಬ್ಬರೂ ದಿಬ್ಬ ಹತ್ತುತ್ತಾರೆ. ಮೊನ್ನೆ ಬೇಲಿ ಕಟ್ಟುತ್ತಿದ್ದ ನನಗೆ ವಿಲ್ಫ್‌ನ ದನಿ ಕೇಳಿಸಿತು:

"ಹೆಟ್ಟಿಗೆ ನಿನ್ ಮೂಗೇ ಬಂದಿತ್ತು, ಅಲ್ವೇನೇ?"

"ಇಲ್ಲ ಕಣೋ, ಪಾಪ, ನಿಂದೇ," ಎಂದಳು ಎನಿಡ್.