ಮುಚ್ಚಿದ ಸ್ಟೇಷನ್ನಿನ ಗೋಡೆ ನೀಲಿಯೋ, ಹಸಿರೋ?

ವಾರದ ಕೊನೆ ಹತ್ತಿರ ಬಂತೆಂದರೆ ನ್ಯೂಯಾರ್ಕಿನ ಜನಕ್ಕೆ ಒಂದು ಚಿಂತೆ ಶುರುವಾಗುತ್ತದೆ. ಈ ಸಲ ಯಾವ ರೈಲು ಇಲ್ಲ? ಹಳಿ ರಿಪೇರಿ, ಸಿಗ್ನಲ್ ರಿಪೇರಿ, ಏನಾದರೊಂದು ಇದ್ದೇ ಇರುತ್ತದೆ. ನೆಲದಡಿಯ ಸ್ಟೇಷನ್ನುಗಳ ಕಂಬಗಳಿಗೆ ಪೋಸ್ಟರ್ ಬೀಳುತ್ತದೆ. ಜನ ನಡೆಯುತ್ತಲೇ ಮೇಲಿನ ದಪ್ಪ ಅಕ್ಷರ ಓದುತ್ತಾರೆ, ಬೈಯುತ್ತಾರೆ, ಮುಂದೆ ಹೋಗುತ್ತಾರೆ. ಕೆಳಗಿನ ಸಣ್ಣ ಅಕ್ಷರ ಓದಲು ಯಾರಿಗೆ ಪುರುಸೊತ್ತು?

ಆ ಗುರುವಾರದ ಪೋಸ್ಟರಿನಲ್ಲಿ ಹೀಗಿತ್ತು: ಶನಿವಾರ, ಭಾನುವಾರ ಒಂದನೇ ನಂಬರ್ ರೈಲು ಇಲ್ಲ.

ಬೀದಿ ಮೂಲೆಯ ಅಂಗಡಿ ಮುಂದೆ ಡೊಮಿನೊ ಬಿಲ್ಲೆಯಾಟ ಆಡುತ್ತಿದ್ದವರೆಲ್ಲ ಗೊಣಗಿದರು. ಒಬ್ಬರು ಮಾತ್ರ ಮೀಸೆಯಡಿಯಲ್ಲೇ ನಕ್ಕರು. ಅವರು ಎಫ್ರೈನ್. ಪೋರ್ಟೊ ರಿಕೊ ದ್ವೀಪದಿಂದ ಚಿಕ್ಕಂದಿನಲ್ಲೇ ಬಂದು, ಇದೇ ಬೀದಿಯಲ್ಲಿ ಬೆಳೆದು, ಇಲ್ಲೇ ತಲೆ ಬೆಳ್ಳಗಾದವರು.

ಹಲ್ಲಿನ ಆಸ್ಪತ್ರೆಯ ಕೆಲಸ ಮುಗಿಸಿ ಬರುತ್ತಿದ್ದ ಮಗಳು ನೆರೈದಾ ಆ ನಗು ಕಂಡಳು. ಅಪ್ಪ ಹಿಂದೊಮ್ಮೆ ಹೀಗೆ ನಕ್ಕ ದಿನ ಪಕ್ಕದ ಮನೆಯ ಬೆಕ್ಕನ್ನು ಇಳಿಸಲೆಂದು ಬೆಂಕಿ ಬಿದ್ದಾಗ ಇಳಿಯಲೆಂದು ಹೊರಗೋಡೆಗೆ ಹಾಕಿದ ಬೆಂಕಿ ಮೆಟ್ಟಿಲು ಹತ್ತಿದ್ದರು. ಕೊನೆಗೆ ಅಗ್ನಿಶಾಮಕದವರು ಬಂದು ಬೆಕ್ಕನ್ನೂ ಅಪ್ಪನನ್ನೂ ಒಟ್ಟಿಗೆ ಇಳಿಸಿದ್ದರು.

ಅಡುಗೆಗೆಂದು ಬಾಣಲೆ ತೆಗೆಯಲು ಅವಳು ಓವನ್ನಿನ ಬಾಗಿಲು ತೆರೆದಳು. ಆ ಬೀದಿಯ ಇಕ್ಕಟ್ಟಿನ ಅಡುಗೆಮನೆಗಳಲ್ಲಿ ಓವನ್ ಎಂದರೆ ಪಾತ್ರೆ ಇಡುವ ಕಪಾಟು. ಬಾಣಲೆಯ ಮೇಲೆ ಒಂದು ಜೊತೆ ಹೊಸ ರಬ್ಬರ್ ಬೂಟು ಮಲಗಿತ್ತು. ಒಂದು ಬೂಟಿನೊಳಗೆ ಹಣೆಗೆ ಕಟ್ಟುವ ದೀಪವಿತ್ತು.

"ಅಪ್ಪಾ! ಇದೇನು, ಬೂಟಿನ ಸಾರು ಮಾಡೋದಾ ಇವತ್ತು?"

ಎಫ್ರೈನ್ ಬಾಗಿಲಲ್ಲೇ ನಿಂತುಬಿಟ್ಟರು. ಹಿಂದೆ ಅವರ ಡೊಮಿನೊ ಗೆಳೆಯ ಇಪೋಲಿತೊ. ಅವರ ಕೈಯಲ್ಲೂ ಅಂಥದೇ ಬೂಟು.

"ಓವನ್ನಲ್ಲಿ ಇಡಬೇಡ ಕಣೋ ಅಂತ ನಾನು ಹೇಳಿದ್ದೆ" ಎಂದರು ಇಪೋಲಿತೊ.

"ನೀನು ಬಾಯ್ಮುಚ್ಚು" ಎಂದರು ಎಫ್ರೈನ್. ಆಮೇಲೆ ಮಗಳ ಕಡೆ ತಿರುಗಿ, "ಏನಿಲ್ಲ ಮಗಳೇ, ಹಳೇ ಸ್ಟೇಷನ್ ನೋಡ್ಕೊಂಡು ಬರೋಣ ಅಂತ."

ಹಳೇ ಸ್ಟೇಷನ್ ಎಂದರೆ ಯಾವುದು ಎಂದು ನೆರೈದಾ ಕೇಳಬೇಕಾಗಿರಲಿಲ್ಲ. ಬ್ರಾಡ್‌ವೇ ರಸ್ತೆಯ ಕೆಳಗೆ, ತೊಂಬತ್ತೊಂದನೇ ಬೀದಿಯಲ್ಲಿ ಒಂದು ಸ್ಟೇಷನ್ನಿತ್ತು. ಅಪ್ಪ ಚಡ್ಡಿ ಹಾಕುತ್ತಿದ್ದ ಕಾಲದಲ್ಲೇ ಅದಕ್ಕೆ ಬೀಗ ಬಿತ್ತು. ಅದಕ್ಕೂ ಮುಂಚೆ, ಹೊಲಿಗೆ ಕಾರ್ಖಾನೆಯಿಂದ ಬರುವ ಅಮ್ಮನಿಗಾಗಿ ಎಫ್ರೈನ್ ಮತ್ತು ಅಣ್ಣ ಎಲಾದಿಯೊ ಅಲ್ಲಿ ಗೋಡೆಗೊರಗಿ ಕಾಯುತ್ತಿದ್ದರು. ಆ ಗೋಡೆಯ ಟೈಲ್ಸಿನ ಪಟ್ಟಿ ನೀಲಿ ಎಂದು ಎಫ್ರೈನ್. ಹಸಿರು ಎಂದು ಎಲಾದಿಯೊ. ಅಣ್ಣ ದ್ವೀಪಕ್ಕೆ ವಾಪಸು ಹೋಗಿ ಪೋನ್ಸೆ ಊರಿನಲ್ಲಿ ನೆಲೆಸಿದ ಮೇಲೂ ಜಗಳ ನಿಂತಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ನೀಲಿ, ಹಸಿರು, ನೀಲಿ, ಹಸಿರು.

"ಮುಂದಿನ ವಾರ ಅವನಿಗೆ ಎಂಬತ್ತು ತುಂಬುತ್ತೆ" ಎಂದರು ಎಫ್ರೈನ್. "ಕೇಕು ಕತ್ತರಿಸೋ ಹೊತ್ತಿಗೆ ಸರಿಯಾಗಿ ಫೋಟೊ ಕಳಿಸ್ತೀನಿ. ಎಲ್ಲರ ಮುಂದೆ 'ಸೋತೆ ತಮ್ಮಾ' ಅನ್ಬೇಕು ಅವನು."

"ಸುರಂಗದಲ್ಲಿ ನಡ್ಕೊಂಡು ಹೋಗ್ತೀಯಾ? ಹಳಿ ಮೇಲೆ?"

"ಪೋಸ್ಟರ್ ನೋಡಿಲ್ವಾ? ಶನಿವಾರ ರೈಲೇ ಇಲ್ಲ. ಸುರಂಗ ಅಂದ್ರೆ ಆವತ್ತು ಖಾಲಿ ಮೈದಾನ. ತೊಂಬತ್ತಾರನೇ ಬೀದಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ತುದೀಲಿ ಇಳಿಯೋದು, ಐದು ಬೀದಿ ನಡೆಯೋದು, ಫೋಟೊ ಹೊಡೆಯೋದು, ಬರೋದು. ನಿಮ್ಮ ಕಾಲದ ಹುಡುಗರು ಮಾಡ್ತಾರಲ್ಲ, ವಿಡಿಯೊ ಹಾಕ್ತಾರಲ್ಲ, ಅವರಿಗೇನಾಯ್ತು?"

"ಏನೂ ಆಗದವರು ಮಾತ್ರ ವಿಡಿಯೊ ಹಾಕ್ತಾರೆ ಅಪ್ಪ."

ಈ ಮಾತಿಗೆ ಇಪೋಲಿತೊ ತಲೆ ಕೆರೆದುಕೊಂಡರು. ಎಫ್ರೈನ್ ಮಾತ್ರ ಬೂಟು ಎತ್ತಿಕೊಂಡು ಕೋಣೆಗೆ ಹೋದರು.

ಬೂಟು ಬಚ್ಚಿಟ್ಟರೆ ಅಪ್ಪ ಚಪ್ಪಲಿಯಲ್ಲೇ ಹೋಗುತ್ತಾರೆ. ಬಾಗಿಲಿಗೆ ಬೀಗ ಹಾಕಿದರೆ ಬೆಂಕಿ ಮೆಟ್ಟಿಲು ಇದ್ದೇ ಇದೆ. ಹೀಗೆ ಯೋಚಿಸಿ ಯೋಚಿಸಿ ನೆರೈದಾ ಶುಕ್ರವಾರ ಮೇಲಿನ ಮಹಡಿಗೆ ಹೋಗಿ ಡೋರಿನ್ ಬ್ರಾತ್‌ವೇಟ್ ಮನೆಯ ಬಾಗಿಲು ತಟ್ಟಿದಳು. ಡೋರಿನ್ ಬಾರ್ಬಡೋಸ್ ಮೂಲದವಳು. ಎರಡನೇ ನಂಬರ್ ರೈಲಿನ ಚಾಲಕಿ.

ಎಲ್ಲ ಕೇಳಿದ ಡೋರಿನ್ ಬೈಯಲಿಲ್ಲ. "ಸಂಜೆ ಊಟಕ್ಕೆ ಏನು ಮಾಡ್ತೀಯಾ?" ಎಂದಳು.

"ತೊಗರಿಕಾಳಿನ ಅನ್ನ, ಕರಿದ ಬಾಳೆಕಾಯಿ."

"ಹಾಗಾದ್ರೆ ಬಂದೇ ಬಂದೆ."

ಸಂಜೆ ಎಲ್ಲರೂ ಮೇಜಿನ ಸುತ್ತ ಕೂತರು. ಇಪೋಲಿತೊ ಕರೆಯದೆಯೇ ಬಂದಿದ್ದರು. ಡೋರಿನ್ ಎರಡನೇ ಸಲ ಅನ್ನ ಬಡಿಸಿಕೊಂಡು ಕೇಳಿದಳು:

"ಯಜಮಾನ್ರೇ, ನಾಳೆ ಎಷ್ಟು ಹೊತ್ತಿಗೆ ಇಳೀತೀರಿ?"

ಎಫ್ರೈನ್ ಮಗಳತ್ತ ಕೆಕ್ಕರಿಸಿ ನೋಡಿದರು. ಆಮೇಲೆ ಗುಟ್ಟು ಉಳಿದಿಲ್ಲವೆಂದು ಒಪ್ಪಿ, "ಹನ್ನೊಂದರ ಸುಮಾರಿಗೆ" ಎಂದರು.

"ಸರಿಯಾಗಿದೆ. ಹನ್ನೊಂದರ ಸುಮಾರಿಗೆ ಆ ಹಳಿ ಮೇಲೆ ನಾನೇ ಬರ್ತೀನಿ."

"ನೀನ್ಯಾಕೆ ಬರ್ತೀಯ? ನಿನ್ನದು ಎಕ್ಸ್‌ಪ್ರೆಸ್, ನಡುವಿನ ಹಳಿ. ಅಂಚಿನ ಹಳಿ ಎಲ್ಲ ಸ್ಟೇಷನ್‌ನಲ್ಲೂ ನಿಲ್ಲೋ ಒಂದನೇ ನಂಬರಿಂದು. ಅದು ನಾಳೆ ಇಲ್ಲ."

"ಪೋಸ್ಟರ್ ಪೂರ್ತಿ ಓದಿದ್ರಾ?"

ಎಫ್ರೈನ್, ಇಪೋಲಿತೊ ಓದಿದ್ದು ದಪ್ಪ ಅಕ್ಷರ ಮಾತ್ರ. ಪೂರ್ತಿ ನೆರೈದಾ ಕೂಡ ಓದಿರಲಿಲ್ಲ.

"ಒಂದನೇ ನಂಬರ್ ಇಲ್ಲ ಅಂದ್ರೆ ಆ ಸ್ಟೇಷನ್‌ಗಳ ಜನ ಮನೇಲೇ ಕೂರ್ತಾರಾ? ಎರಡು, ಮೂರನೇ ನಂಬರ್ ರೈಲುಗಳನ್ನ ಅಂಚಿನ ಹಳಿಗೆ ಹಾಕ್ತಾರೆ. ಪೋಸ್ಟರಿನ ಕೆಳಗಡೆ ಬರೆದಿದೆ. ರೈಲು ಇಲ್ಲ ಅಂತ ಬರೆದಿರೋದು ರೈಲಿಗೆ. ಹಳಿಗಲ್ಲ. ಇನ್ನು ಯಾವ ರೈಲೂ ಇಲ್ಲದ ದಿನ ರಿಪೇರಿಯವರ ಗಾಡಿ ಓಡುತ್ತೆ. ಅದಕ್ಕೆ ಹೊತ್ತುಗೊತ್ತು ಏನೂ ಇಲ್ಲ."

ಇಪೋಲಿತೊ ಬಾಳೆಕಾಯಿ ತಟ್ಟೆಗೆ ಇಳಿಸಿದರು. ಎಫ್ರೈನ್ ಸುಲಭಕ್ಕೆ ಬಗ್ಗುವವರಲ್ಲ.

"ಬಂದ್ರೆ ಸದ್ದು ಕೇಳಲ್ವಾ? ಗೋಡೆಗೆ ಅಂಟ್ಕೊಂಡು ನಿಲ್ತೀವಿ."

"ಸುರಂಗದಲ್ಲಿ ಸದ್ದು ಮುಂದಿಂದ ಬಂತೋ ಹಿಂದಿಂದ ಬಂತೋ ಅಲ್ಲೇ ಕೆಲಸ ಮಾಡೋರಿಗೂ ಒಮ್ಮೊಮ್ಮೆ ತಿಳಿಯಲ್ಲ. ಗೋಡೇಲಿ ಕೆಂಪು ಬಿಳಿ ಪಟ್ಟಿಯ ಹಲಗೆ ಹಾಕಿರೋ ಜಾಗ ಇದೆಯಲ್ಲ, ಅಲ್ಲಿ ರೈಲಿಗೂ ಗೋಡೆಗೂ ನಡುವೆ ಮನುಷ್ಯ ಹಿಡಿಸಲ್ಲ. ನೀವಿರಲಿ, ಇಪೋಲಿತೊ ಅವರ ಹೊಟ್ಟೆಗಂತೂ ಆಗೋದೇ ಇಲ್ಲ."

"ನನ್ನ ಹೊಟ್ಟೆ ಸುದ್ದಿ ಯಾಕೆ ಈಗ?" ಎಂದರು ಇಪೋಲಿತೊ.

"ಪಕ್ಕದಲ್ಲಿ ರೈಲಿಗೆ ಕರೆಂಟ್ ಕೊಡೋ ಕಂಬಿ ಬೇರೆ ಇದೆ. ರೈಲು ಬರಲಿ ಬಿಡಲಿ, ಅದರಲ್ಲಿ ಕರೆಂಟ್ ಇದೆ ಅಂತಲೇ ತಿಳ್ಕೋಬೇಕು. ಅದರ ಮೇಲೆ ಮುಚ್ಚಿರೋ ಹಲಗೆ ನೋಡಿ ಕಾಲಿಡಬಹುದು ಅನ್ಕೋತಾರೆ. ಹಳೇ ಹಲಗೆ, ಮುರಿಯುತ್ತೆ. ಆಮೇಲೆ ರಬ್ಬರ್ ಬೂಟು ನಂಬ್ಕೊಂಡು ಪ್ರಯೋಜನ ಇಲ್ಲ."

"ಒಂದು ಕೆಲಸ ಮಾಡು ತಾಯಿ" ಎಂದರು ಎಫ್ರೈನ್. "ನೀನೇ ಬರ್ತೀಯಲ್ಲ, ನಮ್ಮ ದೀಪ ಕಂಡ ಕೂಡಲೇ ನಿಲ್ಲಿಸಿಬಿಡು. ಪರಿಚಯದವರು ನಾವು."

ಎಲ್ಲರೂ ನಕ್ಕರು. ಡೋರಿನ್ ಕೂಡ ನಕ್ಕಳು, ಆದರೆ ಅವಳ ನಗು ಬೇಗ ನಿಂತಿತು.

"ರೈಲಿಗೆ ಪರಿಚಯ ಗೊತ್ತಾಗಲ್ಲ ಯಜಮಾನ್ರೇ. ಬ್ರೇಕ್ ಪೂರ್ತಿ ಎಳೆದ ಮೇಲೂ ಅದು ಎಷ್ಟೋ ದೂರ ಹೋಗೇ ನಿಲ್ಲೋದು. ಒಂದು ಸಲ ತಿರುವಿನಲ್ಲಿ ಹೀಗೇ ಒಂದು ದೀಪ ಕಾಣಿಸ್ತು. ಯಾರೋ ಹುಡುಗಿ, ಹಳೇ ಸ್ಟೇಷನ್ ನೋಡೋಕೆ ಬಂದವಳು. ನಾನು ಬ್ರೇಕ್ ಎಳೆದೆ, ಕಣ್ಣು ಮುಚ್ಕೊಂಡೆ. ಅವಳು ಪ್ಲಾಟ್‌ಫಾರ್ಮ್ ಹತ್ತಿ ಬದುಕಿದಳು. ಮನೆಗೆ ಹೋಗಿ ಮರೆತೂ ಇರ್ತಾಳೆ. ನಾನು ಇವತ್ತಿಗೂ ಆ ತಿರುವು ಬಂದಾಗ ಉಸಿರು ಬಿಗಿ ಹಿಡೀತೀನಿ. ನಾಳೆ ನಿಮ್ಮ ದೀಪ ಕಂಡ್ರೆ, ಆಮೇಲೆ ಈ ಮನೆ ಬಾಗಿಲು ದಾಟಿ ನನ್ನ ಮನೆಗೆ ಹೋಗೋದು ಹ್ಯಾಗೆ ಹೇಳಿ? ನೆರೈದಾ ಮುಖ ನೋಡೋದು ಹ್ಯಾಗೆ?"

ಎಫ್ರೈನ್ ತಟ್ಟೆಯಲ್ಲಿನ ಅನ್ನವನ್ನು ಅತ್ತಿತ್ತ ಸರಿಸಿದರು. ರೈಲಿನ ಮುಂದೆ ಒಬ್ಬರು ಕೂತಿರುತ್ತಾರೆ, ಅವರಿಗೂ ಒಂದು ಜೀವ ಇರುತ್ತದೆ ಎಂದು ಅವರು ಯಾವತ್ತೂ ಯೋಚಿಸಿರಲಿಲ್ಲ.

"ಅಂದ್ರೆ ಎಲಾದಿಯೊ ಗೆದ್ದ ಅಂತಾಯ್ತು" ಎಂದರು ಮೆತ್ತಗೆ.

"ಯಾರು ಹೇಳಿದ್ದು? ಆ ಸ್ಟೇಷನ್ ನೋಡೋಕೆ ಹಳಿಗೆ ಯಾಕೆ ಇಳೀಬೇಕು? ರೈಲಿನ ಕಿಟಕಿಯಿಂದ ಕಾಣುತ್ತೆ. ಹೋಗೋ ದಿಕ್ಕಿಗೆ ಬಲಗಡೆ ನಿಂತ್ಕೊಳ್ಳಿ. ಕಣ್ಣಿನ ಅಕ್ಕಪಕ್ಕ ಕೈ ಅಡ್ಡ ಇಟ್ಟು ಗಾಜಿಗೆ ಮುಖ ಒತ್ತಿ. ಒಳಗಿನ ಬೆಳಕು ಅಡ್ಡ ಬರಲ್ಲ. ಎಕ್ಸ್‌ಪ್ರೆಸ್ ಅಂಚಿನ ಹಳೀಲಿ ಹೋಗೋ ದಿನವೇ ನನ್ನ ರೈಲಿಂದ ಚೆನ್ನಾಗಿ ಕಾಣೋದು. ನಾಳೆ ಹನ್ನೊಂದಕ್ಕೆ ಬನ್ನಿ. ಬೂಟು ಬೇಡ."

ಶನಿವಾರ ಮೂವರೂ ತೊಂಬತ್ತಾರರ ಸ್ಟೇಷನ್ನಿಗೆ ಇಳಿದರು. ನೆರೈದಾ ಅಪ್ಪನ ತೋಳು ಬಿಗಿಯಾಗಿ ಹಿಡಿದಿದ್ದಳು. ಪ್ಲಾಟ್‌ಫಾರ್ಮಿನ ಹಳದಿ ಪಟ್ಟಿಯಿಂದ ಹಿಂದೆ ನಿಂತರು. ಅಂಚಿನ ಹಳಿ ಖಾಲಿ, ಕತ್ತಲು, ನಿಶ್ಶಬ್ದ. ಒಂದು ಇಲಿ ಹಳಿ ದಾಟಿ ನಿಧಾನಕ್ಕೆ ಹೋಯಿತು.

"ನೋಡು, ಎಷ್ಟು ಶಾಂತವಾಗಿದೆ" ಎಂದರು ಇಪೋಲಿತೊ. "ಇಷ್ಟು ಹೊತ್ತಿಗೆ ಹೋಗಿ ಬಂದುಬಿಡಬಹು—"

ಅವರ ಮಾತು ಮುಗಿಯುವ ಮೊದಲೇ ಇಲಿ ಚಿಮ್ಮಿ ಮರೆಯಾಯಿತು. ಗಾಳಿ ಮುಖಕ್ಕೆ ಹೊಡೆಯಿತು. ಆಮೇಲೆ ಬೆಳಕು. ಕೊನೆಗೆ ಸದ್ದು, ಎದೆಯೊಳಗೇ ಎದ್ದಂಥ ಸದ್ದು. 'ರೈಲಿಲ್ಲದ' ಹಳಿಯ ಮೇಲೆ ಉದ್ದನೆಯ ರೈಲು ನುಗ್ಗಿ ಬಂತು. ಇಪೋಲಿತೊ ಶಿಲುಬೆ ಗುರುತು ಹಾಕಿಕೊಂಡರು. ಎಫ್ರೈನ್ ತಮಗೇ ತಿಳಿಯದೆ ಹಿಂದಕ್ಕೆ ಸರಿದು ಮಗಳ ಕೈ ಹಿಡಿದರು. ರೈಲಿನ ಮುಂದಿನ ಗಾಜಿನ ಹಿಂದೆ ಡೋರಿನ್ ಕೂತಿದ್ದಳು. ಅವಳ ಕಣ್ಣು ಹಳಿಯ ಮೇಲೇ ಇತ್ತು, ಅತ್ತಿತ್ತ ಹೊರಳಲಿಲ್ಲ. ರೈಲು ನಿಂತ ಮೇಲಷ್ಟೇ ಅವಳು ಇವರತ್ತ ನೋಡಿ ಹುಬ್ಬು ಹಾರಿಸಿದಳು.

"ಇಲಿಗೆ ಮೊದಲೇ ಗೊತ್ತಾಯ್ತು, ನಮಗೆ ಗೊತ್ತಾಗಲಿಲ್ಲವಲ್ಲೋ" ಎಂದರು ಎಫ್ರೈನ್.

ಒಳಗೆ ಹತ್ತಿದ ಮೂವರೂ ಬಲಗಡೆಯ ಬಾಗಿಲಿಗೆ ಮುಖ ಒತ್ತಿ ನಿಂತರು. ಹತ್ತಿರ ಕೂತಿದ್ದ ಹೆಂಗಸೊಬ್ಬಳು ಇವರನ್ನು ನೋಡಿ ಚೀಲ ಹತ್ತಿರಕ್ಕೆ ಎಳೆದುಕೊಂಡಳು. ರೈಲು ಹೊರಟಿತು. ಕತ್ತಲು, ಕಂಬ, ಕತ್ತಲು, ಕಂಬ.

"ಬಂತು!" ಎಂದು ಚೀರಿದವಳು ನೆರೈದಾ.

ಮುಚ್ಚಿದ ಸ್ಟೇಷನ್ ಕಿಟಕಿಯಾಚೆ ಹರಿದುಹೋಯಿತು. ಧೂಳು ಹಿಡಿದ ಪ್ಲಾಟ್‌ಫಾರ್ಮ್. ಎಲ್ಲಿಗೂ ಹೋಗದ ಮೆಟ್ಟಿಲು. ಮತ್ತೆ ಗೋಡೆ: ಕೆಂಪು, ಹಳದಿ, ಗುಲಾಬಿ, ನೇರಳೆ, ನೀಲಿ, ಹಸಿರು, ಬೆಳ್ಳಿ. ಕದ್ದು ಇಳಿದವರು ಇಷ್ಟು ವರ್ಷ ಸ್ಪ್ರೇ ಬಣ್ಣ ಚಿಮ್ಮಿಸಿ ಚಿಮ್ಮಿಸಿ ಗೀಚಿದ್ದರು. ಟೈಲ್ಸ್ ಇರಲಿ, ಗೋಡೆಯೇ ಕಾಣದಷ್ಟು.

ಎಫ್ರೈನ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಚೀಲ ಎಳೆದುಕೊಂಡಿದ್ದ ಹೆಂಗಸೂ ನಕ್ಕಳು.

"ಇದಕ್ಕೋಸ್ಕರ ಸಾಯೋಕೆ ಹೊರಟಿದ್ವಲ್ಲೋ ಇಪೋಲಿತೊ! ಹೋಗಿದ್ರೂ ಏನೂ ಕಾಣ್ತಿರಲಿಲ್ಲ!"

ಮರುದಿನ ನೆರೈದಾ ಅವರಿಬ್ಬರನ್ನೂ ಬ್ರೂಕ್ಲಿನ್ನಿಗೆ ಕರೆದುಕೊಂಡು ಹೋದಳು. ಅಲ್ಲಿಯೂ ಒಂದು ಮುಚ್ಚಿದ ಸ್ಟೇಷನ್ ಇದೆ. ಅದನ್ನೇ ರೈಲುಗಳ ಸಂಗ್ರಹಾಲಯ ಮಾಡಿದ್ದಾರೆ. ಟಿಕೆಟ್ ಕೊಂಡು, ಮೆಟ್ಟಿಲಿಳಿದು, ಅಂಜಿಕೆಯಿಲ್ಲದೆ ಓಡಾಡಬಹುದು. ತಮ್ಮ ಅಮ್ಮ ಕೂತು ಬರುತ್ತಿದ್ದಂಥ ಬೆತ್ತದ ಸೀಟಿನ ರೈಲು ಡಬ್ಬಿಯಲ್ಲಿ ಎಫ್ರೈನ್ ಬಹಳ ಹೊತ್ತು ಕೂತರು. ಸೀಟನ್ನು ಅಂಗೈಯಿಂದ ಸವರಿದರು. ನೆರೈದಾ ಫೋಟೊ ತೆಗೆದಳು.

ಹುಟ್ಟುಹಬ್ಬದ ದಿನ ಆ ಫೋಟೊ ಹೋಯಿತು. ಪೋನ್ಸೆಯಿಂದ ಎಲಾದಿಯೊ ಫೋನಿನಲ್ಲಿ ಕೂಗಿದರು, "ಒಪ್ಕೊಳ್ಳೋ! ಹಸಿರು ತಾನೆ?"

"ಹಸಿರೂ ಇದೆ, ನೀಲಿಯೂ ಇದೆ ಅಣ್ಣಾ. ಇಲ್ಲದ ಬಣ್ಣವೇ ಇಲ್ಲ."

"ಆ ಬೆತ್ತದ ಸೀಟು ಎಲ್ಲಿ ಸಿಕ್ತೋ ನಿನಗೆ?"

"ನೀನು ಬಾ. ಪಕ್ಕದಲ್ಲಿ ಒಂದು ಖಾಲಿ ಬಿಟ್ಟು ಬಂದಿದೀನಿ."

ಎಲಾದಿಯೊ ವಿಮಾನದ ಟಿಕೆಟ್ ವಿಚಾರಿಸುತ್ತಿದ್ದಾರಂತೆ. ಹಣೆಯ ದೀಪ ಈಗ ಸೋಫಾ ಅಡಿ ಉರುಳಿದ ಡೊಮಿನೊ ಬಿಲ್ಲೆ ಹುಡುಕಲು ಉಪಯೋಗವಾಗುತ್ತಿದೆ. ಓವನ್ನಿನಲ್ಲಿ ಬಾಣಲೆ ಮಾತ್ರ ಇದೆ. ನೆರೈದಾ ಆಗಾಗ ತೆರೆದು ನೋಡುತ್ತಾಳೆ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನೀವು ಯಾವ ಊರಿನ ರೈಲು ಹತ್ತುವವರೇ ಆಗಿರಿ. ಮುಚ್ಚಿದ ಸ್ಟೇಷನ್ ಎಂದರೆ ಸತ್ತ ಹಳಿಯಲ್ಲ. ರೈಲು ಇಲ್ಲ ಎಂದು ಬರೆದಿದ್ದರೂ ಹಳಿಗೆ ಇಳಿಯಬೇಡಿ. ಮೊಬೈಲ್ ಬಿದ್ದರೆ ಬೀಳಲಿ, ಸ್ಟೇಷನ್ನಿನವರಿಗೆ ಹೇಳಿ, ಅವರು ತೆಗೆದುಕೊಡುತ್ತಾರೆ. ಹಳೆಯದನ್ನು ನೋಡುವ ಆಸೆ ಒಳ್ಳೆಯದು. ಕಿಟಕಿಯಿಂದ ನೋಡಿ, ಟಿಕೆಟ್ ಕೊಂಡು ನೋಡಿ. ನಿಮ್ಮ ಮನೆಯಲ್ಲಿ ಯಾರಾದರೂ ಸುಮ್ಮಸುಮ್ಮನೆ ಮೀಸೆಯಡಿ ನಗುತ್ತಿದ್ದರೆ ಹತ್ತಿರ ಕೂತು ಕೇಳಿ. ಪ್ರತಿ ರೈಲಿನ ಮುಂದೆಯೂ ಒಬ್ಬ ಡೋರಿನ್ ಕೂತಿದ್ದಾಳೆ. ಸಂಜೆ ಅವಳೂ ನೆಮ್ಮದಿಯಿಂದ ಮನೆಗೆ ಬಂದು ಉಣ್ಣಬೇಕು.