ಮಗಳು ಹೊಲಿದ ಅಂಗಿ

"ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ," ಎನ್ನುತ್ತ ಅವಳು ಅಣ್ಣನ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಮಣ್ಣಿಗೆ ಒಯ್ಯಲು ಇನ್ನೊಂದು ಗಂಟೆ ಇತ್ತು. ಆರು ತಿಂಗಳು ಹಾಸಿಗೆಯಲ್ಲಿ ನವೆದ ಜೀವ; ಬಂದವರೆಲ್ಲ "ಅಂತೂ ಬಿಡುಗಡೆ ಆಯ್ತು" ಅನ್ನುತ್ತಿದ್ದರು.

"ಹೊರಡೋ ಮುಂಚೆ ನೀನೂ ಅಪ್ಪನ ಬಗ್ಗೆ ಎರಡು ಮಾತಾಡು," ಅಂದ ಅಣ್ಣ.

"ಅಪ್ಪನ ಹಳೇ ವಿದ್ಯಾರ್ಥಿಗಳ ಮುಂದೆಯಾ? ಇಂಗ್ಲಿಷ್ ಮೇಷ್ಟ್ರ ಮಗಳು ಇಂಗ್ಲಿಷಿನಲ್ಲೇ ಮೂರು ಸಲ ಡುಮ್ಕಿ ಹೊಡೆದದ್ದು ಎಲ್ಲರಿಗೂ ನೆನಪಾಗಲಿ ಅಂತಲಾ?"

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು.

*

ಇಂಗ್ಲಿಷ್ ವ್ಯಾಕರಣದಲ್ಲಿ ಅವಳು ಎಡವಿದ್ದೇ ಪಾರ್ಟಿಸಿಪಲ್ ಹತ್ತಿರ, 'ಒಡೆದ', 'ಹೊಲಿದ' ಎನ್ನುವಂಥ ಪದಗಳ ಹತ್ತಿರ. 'ಬ್ರೋಕನ್ ಕಪ್' ಅಂದರೆ ಒಡೆದ ಕಪ್ಪು ಎಂದು ಅಪ್ಪ ಹೇಳಿದರೆ, "ಒಡೆದದ್ದು ಯಾರು?" ಅಂತ ಇವಳು.

"ಅದು ಇಲ್ಲಿ ಬೇಕಿಲ್ಲಮ್ಮ."

"ಒಡೆದವರಿಲ್ಲದೆ ಕಪ್ಪು ಒಡೆಯುತ್ತಾ ಅಪ್ಪ?"

ಅಪ್ಪ ಪುಸ್ತಕ ಮುಚ್ಚಿದ್ದರು. ಮೂರನೇ ಸಲ ನಪಾಸಾದ ದಿನ ಅಂಕಪಟ್ಟಿಯನ್ನು ಮಡಚಿಟ್ಟು, "ಊಟ ಮಾಡು" ಅಂದರು. ಮರುದಿನ ಹೊಲಿಗೆ ಕಲಿಸುವವರ ಬಳಿ ಬಿಟ್ಟು ಬಂದರು. ಆಮೇಲೆ ಅವಳೊಂದಿಗೆ ಇಂಗ್ಲಿಷಿನ ಸೊಲ್ಲೆತ್ತಲಿಲ್ಲ. ನನ್ನ ವಿಷಯದಲ್ಲಿ ಕೈ ತೊಳೆದುಕೊಂಡರು ಎಂದುಕೊಂಡಳು ಅವಳು. ವರ್ಷಕ್ಕೆರಡು ಅಂಗಿ ಹೊಲಿದುಕೊಟ್ಟಳು. ಪ್ರತಿ ಸಲವೂ "ಸರಿಯಾಗಿದೆ" ಅನ್ನುವರು, ಅಷ್ಟೇ.

*

ಅಂಗಳದಲ್ಲಿ ಬಸ್ ಡ್ರೈವರೊಬ್ಬ ಸಮವಸ್ತ್ರದಲ್ಲೇ ಬಂದು ನಿಂತಿದ್ದ. ಚಹಾ ಕೊಡಲು ಹೋದವಳನ್ನು ನೋಡಿ ಕೇಳಿದ, "ಅಂಗಿ ಹೊಲಿಯೋ ಮಗಳು ನೀವೇನಾ ಅಕ್ಕಾ?"

ಲೋಟ ನೀಡುತ್ತಿದ್ದವಳು ತಲೆಯೆತ್ತಿದಳು. "ನಿಮಗೆ ಹೇಗೆ ಗೊತ್ತು?"

"ಚೆನ್ನಾಗಿ ಕೇಳಿದ್ರಿ. ಮೇಷ್ಟ್ರು ಪಾರ್ಟಿಸಿಪಲ್ ಪಾಠಕ್ಕೆ ನಿಂತರೆ ಮೊದಲು ಕಾಲರ್ ಹಿಡಿದು ತೋರಿಸೋರು. 'ಸ್ಟಿಚ್ಡ್ ಬೈ ಮೈ ಡಾಟರ್, ದಿಸ್ ಶರ್ಟ್ ಫಿಟ್ಸ್ ಮಿ.' ನನ್ನ ಮಗಳು ಹೊಲಿದ ಈ ಅಂಗಿ ನನಗೆ ಸರಿಯಾಗಿದೆ ಅಂತ."

ಪಕ್ಕದಲ್ಲಿದ್ದ ಡಾಕ್ಟರಮ್ಮ, ಅವಳೂ ಹಳೇ ವಿದ್ಯಾರ್ಥಿನಿಯೇ, ನಕ್ಕಳು. "ನಮ್ಮ ಬ್ಯಾಚಿಗೂ ಅದೇ. ಮಾಡಿದ ಕೆಲಸದ ಹಿಂದೆ ಮಾಡಿದವರು ಇರ್ತಾರೆ, ಅದನ್ನ ನನಗೆ ಕಲಿಸಿದ್ದು ನನ್ನ ಮಗಳು ಅನ್ನೋರು."

"ಹಾಗಂದ್ರಾ?"

"ವರ್ಷಾ ವರ್ಷಾ," ಅಂದ ಡ್ರೈವರ್. "ನಾನೊಬ್ಬ ಪರೀಕ್ಷೇಲಿ 'ಸ್ಟಿಚ್ಡ್ ಬೈ ಮೈ ಡಾಟರ್, ಐ ಕೇಮ್ ಟು ಸ್ಕೂಲ್' ಅಂತ ಬರೆದುಬಿಟ್ಟೆ. ಮಗಳು ಹೊಲಿದ ನಾನು ಶಾಲೆಗೆ ಬಂದೆ ಅಂತ! ಮೇಷ್ಟ್ರು, 'ಅಯ್ಯಾ, ಅವಳು ಹೊಲಿದದ್ದು ಅಂಗೀನ, ನನ್ನನ್ನಲ್ಲ' ಅಂದ್ರು. ಆಮೇಲೆ ಕಾಲರ್ ಸವರಿಕೊಂಡು, 'ಇರಲಿ ಬಿಡು, ಅದೂ ಪೂರ್ತಿ ತಪ್ಪಲ್ಲ' ಅಂದುಬಿಟ್ರು. ಮಾರ್ಕು ಮಾತ್ರ ಕೊಡಲಿಲ್ಲ ಪುಣ್ಯಾತ್ಮ."

ಅವಳಿಗೆ ನಗು ಬಂತು. ಸಾವಿನ ಮನೆ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಡೆಯಲಾಗಲಿಲ್ಲ. ಇಪ್ಪತ್ತೈದು ವರ್ಷ ಬೆನ್ನ ಮೇಲೆ ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡಂತಾಗಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದಳು, ಯಾರಿಗೆಂದಿಲ್ಲದೆ.

"ಮೇಷ್ಟ್ರಲ್ವಾ ಅಕ್ಕಾ," ಅಂದ ಡ್ರೈವರ್. "ಕ್ಲಾಸಲ್ಲಿ ಮಾತ್ರ ಬಾಯಿ ಬಿಡೋರು."

ಶವದ ವಾಹನ ನಿಧಾನವಾಗಿ ಹೊರಟಿತು. ಹಿಂದೆ ಹಳೆಯ ವಿದ್ಯಾರ್ಥಿಗಳು, ತಲೆ ನರೆತವರೂ ಸೇರಿ, ಯಾರೂ ಹೇಳದಿದ್ದರೂ ಇಬ್ಬಿಬ್ಬರಂತೆ ಸಾಲಾಗಿ ನಡೆದರು. ಸಾಲಿನಲ್ಲಿ ಯಾರೋ ಆ ತಪ್ಪು ವಾಕ್ಯವನ್ನು ಮೆಲ್ಲಗೆ ಅಂದರು. ನಗು ಹಿಂದಿನಿಂದ ಮುಂದಕ್ಕೆ ಹರಿದು ಬಂತು. ವಾಹನದೊಳಗೆ ಅಣ್ಣ ತಿರುಗಿ ನೋಡಿದ. ಪಕ್ಕದಲ್ಲಿ ಕುಳಿತಿದ್ದ ತಂಗಿಯ ತುಟಿಗಳು ಅಲುಗುತ್ತಿದ್ದವು. ಅದೇ ವಾಕ್ಯದ ಒಂದೊಂದೇ ಇಂಗ್ಲಿಷ್ ಪದವನ್ನು ಅವಳು, ಮೊದಲ ಬೆಂಚಿನ ಹುಡುಗಿಯ ಹಾಗೆ, ಗಟ್ಟಿಯಾಗಿ ಹೇಳತೊಡಗಿದ್ದಳು.