ಶಾಲೆಯ ಶೌಚಾಲಯಕ್ಕೆ ಬೀಗ ಯಾಕೆ?

ನನ್ನ ತಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನ ಮಗಳು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ. ಮಾತಿಗೆ ಮಾತು ಪಟಪಟನೆ ಸಿಡಿಸುವವಳು, ಅದಕ್ಕೇ ಎಲ್ಲರೂ ಅವಳನ್ನು ಚಿನಕುರಳಿ ಎನ್ನುತ್ತೇವೆ. ಸಂಜೆ ಶಾಲೆ ಬಿಟ್ಟರೆ ಸಾಕು, ಓಡಿಕೊಂಡೇ ಬರುವಳು. ಬ್ಯಾಗನ್ನು ಬಟ್ಟೆಯ ರಾಶಿಯ ಮೇಲೆ ಎಸೆದು, ಅಪ್ಪ ಕರೆದರೂ ನಿಲ್ಲದೆ ನೇರ ಶೌಚಾಲಯಕ್ಕೆ.

"ನನ್ನ ಮಗಳಿಗೆ ಮನೆ ಅಂದ್ರೆ ಎಷ್ಟು ಪ್ರೀತಿ ನೋಡಕ್ಕ" ಎಂದು ತಮ್ಮ ಹಲ್ಲು ಕಿರಿಯುತ್ತಿದ್ದ.

ನಾನು ಪಕ್ಕದ ಮನೆಯವಳು, ಆರೋಗ್ಯ ಕೇಂದ್ರದಲ್ಲಿ ನರ್ಸ್. ನನಗೆ ಆ ಓಟ ಸರಿ ಕಾಣಲಿಲ್ಲ. ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೇ ಹುಡುಗಿಗೆ ಚಳಿಜ್ವರ, ಹೊಟ್ಟೆನೋವು. ಮೂತ್ರ ಮಾಡುವಾಗ ಉರಿ ಎಂದು ಅತ್ತಳು. ಕೇಂದ್ರಕ್ಕೆ ಕರೆದೊಯ್ದೆ. ಡಾಕ್ಟರು ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು ಎಂದರು.

"ನೀರು ಸರಿಯಾಗಿ ಕುಡೀತೀಯೇನೇ?" ಎಂದು ಕೇಳಿದೆ.

"ಶಾಲೆ ಇರೋ ದಿನ ಕುಡಿಯಲ್ಲ ಅತ್ತೆ."

"ಯಾಕೆ?"

"ಕುಡಿದ್ರೆ ಹೋಗಬೇಕಾಗುತ್ತಲ್ಲ. ಎಲ್ಲಿಗೆ ಹೋಗ್ಲಿ? ಬೀಗ ಹಾಕಿದ್ದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ವಿಷಯ ಇಷ್ಟೇ. ಶಾಲೆಯಲ್ಲಿ ಹೋದ ವರ್ಷ ಹೊಸ ಶೌಚಾಲಯ ಕಟ್ಟಿದ್ದರು. ಹೊಳೆಯುವ ಟೈಲ್ಸು, ಹೊಸ ನಲ್ಲಿ. ಮಕ್ಕಳು ಹಾಳು ಮಾಡಿಬಿಟ್ಟಾರು ಎಂದು ಹೆಡ್‌ಮೇಷ್ಟ್ರು ಬೀಗ ಜಡಿದು, ಕೀಲಿಯನ್ನು ತಮ್ಮ ಕೋಣೆಯ ಮೊಳೆಗೆ ನೇತುಹಾಕಿದ್ದರು. ಹೊರಗಿನಿಂದ ಯಾರಾದರೂ ದೊಡ್ಡವರು ಬಂದಾಗ ತೆರೆದು ತೋರಿಸುವುದು, ಮತ್ತೆ ಮುಚ್ಚುವುದು. ಗಂಡು ಹುಡುಗರು ಕಾಂಪೌಂಡಿನ ಹಿಂದೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು.

ತಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. "ನೀರು ಕುಡಿಯದೆ, ಬಂದಾಗ ಹೋಗದೆ ತಡ್ಕೊಂಡ್ರೆ ಹೀಗೆ ಸೋಂಕಾಗೋದು ಸುಲಭ ಕಣೋ. ಪೂರ್ತಿ ಔಷಧಿ ತಗೋಬೇಕು. ಅಲಕ್ಷ್ಯ ಮಾಡಿದ್ರೆ ಕಿಡ್ನಿಗೂ ಹತ್ತಬಹುದು."

ಅವನು ಹೊಲಿಗೆಯಂತ್ರ ತುಳಿಯುವನು, ನಿಲ್ಲಿಸುವನು. ಎದ್ದು ಬಾಗಿಲಿಗೆ ಹೋಗುವನು, ಬಂದು ಕೂರುವನು. ಕೊನೆಗೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ.

"ಓದಿದ್ದು ಸಾಕಕ್ಕ. ನಾಳೆ ಹೋಗಿ ಟೀಸಿ ತರ್ತೀನಿ. ಮನೇಲಿ ಕೂತು ಹೊಲಿಗೆ ಕಲೀಲಿ."

"ಬೀಗ ತೆಗೆಸೋದು ಬಿಟ್ಟು ಮಗಳನ್ನ ಶಾಲೆ ಬಿಡಿಸ್ತೀಯಾ? ತಲೆ ನೆಟ್ಟಗಿದೆಯೇನೋ?"

"ನಮ್ಮಂಥೋರ ಮಾತು ಅಲ್ಲಿ ಯಾರು ಕೇಳ್ತಾರೆ? ನೀನು ಸುಮ್ನಿರು."

ಬಾಗಿಲ ಹಿಂದೆ ಚಿನಕುರಳಿ ನಿಂತಿದ್ದಳು. ಅವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ.

ಬೆಳಗ್ಗೆ ಅವನು ಹೊರಟ. ನಾನೂ ಬೆನ್ನುಬಿಡದೆ ಹೋದೆ. ಹೆಡ್‌ಮೇಷ್ಟ್ರು ಪಾಠದಲ್ಲಿದ್ದರು. ಕಚೇರಿಯ ಬೆಂಚಿನ ಮೇಲೆ ಕೂತೆವು. ಜವಾನ ಟೀ ಕೊಟ್ಟ. ತಮ್ಮ ತಳಮಳದಲ್ಲಿ ತನ್ನದನ್ನೂ ಕುಡಿದ, ನನ್ನದನ್ನೂ ಕುಡಿದ. ಆಮೇಲೆ ಕಾಲು ಅಲ್ಲಾಡಿಸತೊಡಗಿದ. ಆಮೇಲೆ ಎದ್ದು ನಿಂತ.

"ಅಕ್ಕ, ಅರ್ಜೆಂಟು."

ಜವಾನ ನಕ್ಕು, "ಬನ್ನಿ, ಮೇಷ್ಟ್ರುಗಳದ್ದು ಇಲ್ಲೇ ಇದೆ" ಎಂದು ಕರೆದೊಯ್ದ. ಕೈ ಒರೆಸಿಕೊಳ್ಳುತ್ತಾ ತಮ್ಮ ವಾಪಸು ಬಂದ. ಆದರೆ ಕೂರಲಿಲ್ಲ. ಅವನ ಮುಖ ಬೇರೆಯೇ ಆಗಿತ್ತು.

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಬಂದರು. "ಏನ್ರೀ ಟೈಲರ್, ಟೀಸಿ ಬೇಕಂತೆ?"

"ಅದಿರ್ಲಿ ಸಾರ್. ನಾನು ಬಂದು ಇನ್ನೂ ಒಂದು ಪೀರಿಯಡ್ಡು ಆಗಿಲ್ಲ, ತಡೆಯೋಕಾಗ್ಲಿಲ್ಲ. ನಿಮ್ಮ ಟಾಯ್ಲೆಟ್ಟಿಗೆ ಹೋಗಿಬಂದೆ. ಬೀಗ ಇಲ್ಲ. ನೀರು ಬರುತ್ತೆ. ಸೋಪೂ ಇದೆ. ನನ್ನ ಮಗಳು ಬೆಳಗ್ಗೆಯಿಂದ ಸಂಜೆ ತನಕ ತಡ್ಕೊಂಡು ಪಾಠ ಕೇಳ್ತಾಳೆ. ಹೇಗೆ ಕೇಳ್ತಾಳೆ ಸಾರ್?"

"ತೆರೆದ್ರೆ ಹಾಳು ಮಾಡ್ತಾರ್ರೀ. ಹಳೇದರ ಗತಿ ನೀವು ನೋಡಿಲ್ಲ. ಎಷ್ಟು ಕಷ್ಟಪಟ್ಟು ಕಟ್ಟಿಸಿದ್ದು ಗೊತ್ತಾ?"

"ಯಾರಿಗೆ ಅಂತ ಕಟ್ಟಿಸಿದ್ರಿ ಸಾರ್?"

ಹೆಡ್‌ಮೇಷ್ಟ್ರು ಕೆಟ್ಟವರಲ್ಲ. ಮೊಳೆಯಿಂದ ಕೀಲಿ ತೆಗೆದು ಜವಾನನ ಕೈಗಿಟ್ಟರು. "ಹಾಳಾದ್ರೆ ನಿಮ್ಮನ್ನೇ ಕರೀತೀನಿ."

"ಕರೀರಿ. ಸರಿಹೋಗ್ಲಿಲ್ಲ ಅಂದ್ರೆ ನಾನೂ ಟೀಸಿಗೆ ಬರ್ತೀನಿ."

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಎಲ್ಲಿ ಮುಗಿಯುತ್ತದೆ! ವಾರ ತುಂಬುವುದರೊಳಗೆ ಫೋನು. "ಬಂದು ನೋಡ್ರೀ ನಿಮ್ಮ ಟಾಯ್ಲೆಟ್ಟು!" ಹೋಗಿ ನೋಡಿದರೆ ಮೂಗು ಮುಚ್ಚಿಕೊಳ್ಳಬೇಕು. ಚಿಲಕ ಕಿತ್ತಿತ್ತು, ಸೋಪು ಮಾಯ, ಪ್ಯಾಡು ಸಿಕ್ಕಿಕೊಂಡು ನೀರು ಕಟ್ಟಿತ್ತು. ಹೆಡ್‌ಮೇಷ್ಟ್ರು ಮತ್ತೆ ಬೀಗ ಹಾಕಿದರು. ಮನೆಗೆ ಬಂದವನೇ ತಮ್ಮ ನನ್ನ ಮೇಲೆ ಹರಿಹಾಯ್ದ. "ನಿನ್ನ ಮಾತು ಕೇಳಿ ನಾನು ಕೆಟ್ಟೆ. ನಾಳೆ ಟೀಸಿ ತರೋದೇ!"

ಆಗ ಬಾಯಿಬಿಟ್ಟಳು ನಮ್ಮ ಚಿನಕುರಳಿ. "ಅಪ್ಪ, ಬೇಕಂತ ಯಾರೂ ಹಾಳು ಮಾಡಿಲ್ಲ. ಮಧ್ಯಾಹ್ನಕ್ಕೆ ಟ್ಯಾಂಕಲ್ಲಿ ನೀರೇ ಇರಲ್ಲ. ಪ್ಯಾಡು ಹಾಕೋಕೆ ಬುಟ್ಟಿ ಇಲ್ಲ. ಇದೆಲ್ಲ ಮೇಷ್ಟ್ರಿಗೆ ಹೇಗೆ ಗೊತ್ತಾಗ್ಬೇಕು? ಅವರು ಅಲ್ಲಿಗೆ ಬರೋದೇ ಇಲ್ವಲ್ಲ!"

ಮರುದಿನ ತಮ್ಮ ಹೋಗಿ ತಂದದ್ದು ಟೀಸಿಯಲ್ಲ, ಪೋಷಕರ ಸಭೆ ಕರೆಯುತ್ತೇನೆಂಬ ಹೆಡ್‌ಮೇಷ್ಟ್ರ ಮಾತು. ಸಭೆಯಲ್ಲಿ ಎದ್ದು ನಿಂತು ಹೇಳಿದ: "ಮೇಷ್ಟ್ರುಗಳಿಗೇ ಬೇರೆ, ಮಕ್ಕಳಿಗೇ ಬೇರೆ ಬೇಡ ಸಾರ್. ನೀವೂ ಅಲ್ಲಿಗೇ ಬನ್ನಿ."

ಕೆಲವು ಮೇಷ್ಟ್ರು ಮುಖ ಸಿಂಡರಿಸಿದರು. ಹೆಡ್‌ಮೇಷ್ಟ್ರು ತಲೆ ಕೆರೆದುಕೊಂಡು, "ಸರಿ, ಮೊದಲು ನಾನೇ ಹೋಗ್ತೀನಿ" ಎಂದರು. ಟೀಚರಮ್ಮಂದಿರು ಹುಡುಗಿಯರ ಕಡೆಗೆ, ಮೇಷ್ಟ್ರುಗಳು ಹುಡುಗರ ಕಡೆಗೆ ಎಂದಾಯಿತು. ಸ್ವಲ್ಪ ದಿನಕ್ಕೇ ಗಣಿತದ ಟೀಚರು ಮಧ್ಯಾಹ್ನ ನೀರಿಲ್ಲದೆ ಒಳಗೇ ಸಿಕ್ಕಿಬಿದ್ದು ಕೂಗಾಡಿದರು. ಮರುದಿನದಿಂದ ಟ್ಯಾಂಕು ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ತುಂಬತೊಡಗಿತು. ನಾನು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಒಬ್ಬೊಬ್ಬರೂ ಕೈ ಹಾಕಿದರು. ಒಬ್ಬ ಹುಡುಗನ ಅಪ್ಪ ಬಡಗಿ, ಗಟ್ಟಿ ಚಿಲಕ ಕೂರಿಸಿದ. ನನ್ನ ತಮ್ಮ ಬಲೆಬಟ್ಟೆಯ ಪುಟ್ಟ ಚೀಲ ಹೊಲಿದು, ಅದರೊಳಗೆ ಸೋಪಿಟ್ಟು ನಲ್ಲಿಗೆ ಕಟ್ಟಿದ. ಸೋಪು ಕಾಣೆಯಾಗುವುದು ನಿಂತಿತು. ಮುಚ್ಚಳದ ಬುಟ್ಟಿ ಬಂತು. ತೊಳೆಯುವುದಕ್ಕೆ ಶಾಲೆ ಆಳನ್ನು ಗೊತ್ತು ಮಾಡಿತು. ನೀರು, ಸೋಪು, ಬುಟ್ಟಿ ನೋಡಿ ಹೇಳುವ ಕೆಲಸ ವಾರಕ್ಕೊಂದು ತರಗತಿಯದು.

"ನಾವು ಹುಡುಗರು ಯಾಕೆ ನೋಡ್ಬೇಕು?" ಎಂದ ಒಬ್ಬ.

"ನೀವು ಹೋಗಲ್ವಾ?" ಎಂದಳು ಚಿನಕುರಳಿ. ಅವನು ಬುಟ್ಟಿ ನೋಡಲು ಹೋದ.

ವರ್ಷವಿಡೀ ಎಲ್ಲ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ನಲ್ಲಿ ಮುರಿಯಿತು, ಜಗಳವಾಯಿತು, ಒಂದು ತರಗತಿ ತನ್ನ ಸರದಿಯನ್ನೇ ಮರೆಯಿತು. ಪ್ರತಿ ಸಲವೂ ನನಗೆ ಎದೆ ಡವಡವ, ಮತ್ತೆ ಬೀಗ ಬಿದ್ದೀತೇ ಎಂದು. ಬೀಳಲಿಲ್ಲ. ರಿಪೇರಿಯಾಯಿತು. ಹುಡುಗಿಗೆ ಆ ಜ್ವರ ಮರುಕಳಿಸಲಿಲ್ಲ.

ಪರೀಕ್ಷೆಯ ಫಲಿತಾಂಶದ ದಿನ ಹೆಡ್‌ಮೇಷ್ಟ್ರು ತಮ್ಮನನ್ನು ಕೆಣಕಿದರು. "ಏನ್ರೀ, ಈಗ ಕೊಡ್ಲಾ ಟೀಸಿ?"

"ಹತ್ತನೇ ಕ್ಲಾಸು ಮುಗೀಲಿ ಸಾರ್. ಕಾಲೇಜಿಗೆ ಸೇರಿಸೋಕೆ ಬಂದು ಕೇಳ್ತೀನಿ" ಎಂದ. ನನಗೆ ಕಣ್ಣು ತುಂಬಿತು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಕ್ಕಳು ಶಾಲೆಯಲ್ಲಿ ನೀರು ಕುಡಿಯುತ್ತಾರಾ? ಇವತ್ತೇ ಕೇಳಿ. ಉರಿ, ಜ್ವರ ಇದ್ದರೆ ನಾಚಿಕೆ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಶಾಲೆಗೆ ಹೋದಾಗ, ಎಷ್ಟು ಅಂಕ ಎಂದು ಕೇಳುವ ಮೊದಲು ಶೌಚಾಲಯ ಎಲ್ಲಿ ಎಂದು ಕೇಳಿ. ಮೇಷ್ಟ್ರುಗಳದ್ದನ್ನು ತೋರಿಸಿದರೆ ಬೇಡ, ಮಕ್ಕಳದ್ದೇ ಬೇಕು ಎನ್ನಿ. ಅಮ್ಮಂದಿರು ಹೆಣ್ಣುಮಕ್ಕಳ ಕಡೆ, ಅಪ್ಪಂದಿರು ಗಂಡುಮಕ್ಕಳ ಕಡೆ ಒಳಗೆ ಹೋಗಿ, ಚಿಲಕ ಹಾಕಿ, ನಲ್ಲಿ ತಿರುಗಿಸಿ ನೋಡಿ. ನಿಮಗೆ ಅಲ್ಲಿ ಒಂದು ನಿಮಿಷ ಇರಲು ಆಗದಿದ್ದರೆ, ನಿಮ್ಮ ಮಕ್ಕಳಿಗೂ ಆಗುವುದಿಲ್ಲ.